ಮೂರು ಕಿಲೋವ್ಯಾಟ್ ಅಂದರೆ ಯಾವುದು ಮೂರು?

ಮನೆಗೆ ಸೋಲಾರ್ ಹಾಕಿಸಿದವರನ್ನು ಕೇಳಿ ನೋಡಿ, 'ನಮ್ಮದು ಮೂರು ಕಿಲೋವ್ಯಾಟ್' ಎನ್ನುತ್ತಾರೆ. ಯಾವುದು ಮೂರು, ತಾರಸಿಯ ಪ್ಯಾನೆಲ್ಲೋ ಗೋಡೆಗೆ ತಗಲಿಸಿದ ಇನ್ವರ್ಟರೋ ಎಂದರೆ ತಡವರಿಸುತ್ತಾರೆ. ಎಷ್ಟೋ ಕೊಟೇಶನ್‌ಗಳೂ ಎರಡನ್ನೂ ಒಂದೇ ಅಂಕಿಯಲ್ಲಿ ಮುಚ್ಚಿಬಿಡುತ್ತವೆ. ನನ್ನ ತಕರಾರು ಇರುವುದು ಈ ರೂಢಿಯ ಬಗ್ಗೆ.

ಪ್ಯಾನೆಲ್ಲಿನ ಬೆನ್ನಿಗೆ ಅಂಟಿಸಿದ 540 ವ್ಯಾಟ್ ಎಂಬುದು ಪ್ರಯೋಗಾಲಯದ ಮಾತು: ಚದರ ಮೀಟರಿಗೆ 1000 ವ್ಯಾಟ್ ಬಿಸಿಲು, ಕೋಶದ ಉಷ್ಣತೆ 25 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ರಾಯಚೂರಿನ ತಾರಸಿಯಲ್ಲಿ ಬಿಸಿಲೇನೋ ಸಿಕ್ಕೀತು, 25 ಡಿಗ್ರಿಯನ್ನು ಎಲ್ಲಿಂದ ತರುವುದು? ಅಲ್ಲಿ ಕೋಶಗಳು 60 ಡಿಗ್ರಿ ಮುಟ್ಟುವುದು ಮಾಮೂಲು. ಈಗಿನ ಪ್ಯಾನೆಲ್‌ಗಳು ಒಂದೊಂದು ಡಿಗ್ರಿಗೆ ಸುಮಾರು ಶೇ 0.35ರಷ್ಟು ಸೊರಗುತ್ತವೆ. ಆರು ಪ್ಯಾನೆಲ್ಲಿನ 3240 ವ್ಯಾಟ್ ಹೀಗೆ 2850ರ ಆಸುಪಾಸಿಗೆ ಇಳಿಯುತ್ತದೆ. ಅದರ ಮೇಲೆ ಧೂಳು, ಪಾರಿವಾಳದ ಹಿಕ್ಕೆ, ತಂತಿಯಲ್ಲಿ ಸೋರುವುದು. ಮೂರು ಕಿಲೋವ್ಯಾಟಿನ ಇನ್ವರ್ಟರ್ ವರ್ಷದ ಬಹುಪಾಲು ಹೊಟ್ಟೆ ತುಂಬದೆಯೇ ಕೂತಿರುತ್ತದೆ. ಹೀಗಿದ್ದೂ ಅಷ್ಟೇ ಪ್ಯಾನೆಲ್ಲಿಗೆ ಐದರದ್ದನ್ನು ತಗಲಿಸುವವರಿದ್ದಾರೆ. ಮುಂದೆ ಪ್ಯಾನೆಲ್ ಸೇರಿಸುವ ಯೋಚನೆ ಗಟ್ಟಿಯಾಗಿದ್ದರೆ ಸರಿ; ಇಲ್ಲದಿದ್ದರೆ ಬಾವಿಯಲ್ಲಿ ನೀರು ಅಷ್ಟೇ ಇದ್ದು ಕೊಡ ಮಾತ್ರ ದೊಡ್ಡದಾದ ಹಾಗೆ.

ನಾನು ಒಪ್ಪುವುದು ಇದಕ್ಕೆ ತಿರುವುಮುರುವಾದ ಕ್ರಮವನ್ನು. ಮೂರರ ಇನ್ವರ್ಟರಿಗೆ ಏಳು ಪ್ಯಾನೆಲ್, ಅಂದರೆ 3780 ವ್ಯಾಟ್. ತಯಾರಕರು ಹೇಳಿದ ವೋಲ್ಟೇಜ್, ಕರೆಂಟಿನ ಮಿತಿ ದಾಟದಿದ್ದರೆ ಇನ್ವರ್ಟರ್ ಸುಡುವುದಿಲ್ಲ. ತನ್ನ ಕೈಲಾದಷ್ಟನ್ನು ಎಳೆದುಕೊಂಡು ಉಳಿದದ್ದನ್ನು ಪ್ಯಾನೆಲ್ಲಿನಲ್ಲೇ ಬಿಡುತ್ತದೆ. ನಿಚ್ಚಳ ಬಿಸಿಲಿನ ದಿನ ಮೊಬೈಲ್ ಆ್ಯಪ್‌ನಲ್ಲಿ ಗುಡ್ಡದ ನೆತ್ತಿಯನ್ನು ಕೆತ್ತಿ ಮಟ್ಟಮಾಡಿದ ಹಾಗೆ ಉತ್ಪಾದನೆಯ ಗೆರೆ ಕಾಣುತ್ತದೆ. ದುಡ್ಡು ಕೊಟ್ಟವರಿಗೆ ಅದನ್ನು ನೋಡಿ ಹೊಟ್ಟೆ ಉರಿಯುವುದು ಸಹಜ. ಆದರೆ ನೆತ್ತಿಯಲ್ಲಿ ಹೋದದ್ದು ಒಂದೆರಡು ಗಂಟೆಯ ತುಣುಕು. ಬೆಳಗಿನ ಎಂಟು, ಸಂಜೆಯ ನಾಲ್ಕು, ತೀರ್ಥಹಳ್ಳಿಯ ಜುಲೈ ಮೋಡ, ಇಲ್ಲೆಲ್ಲ ಏಳನೆಯ ಪ್ಯಾನೆಲ್ಲು ತನ್ನ ಪಾಲನ್ನು ಪೂರ್ತಿ ಕೊಡುತ್ತಲೇ ಇರುತ್ತದೆ. ಪೂರ್ವಕ್ಕೊಂದಿಷ್ಟು ಪಶ್ಚಿಮಕ್ಕೊಂದಿಷ್ಟು ಮುಖಮಾಡಿದ ಪ್ಯಾನೆಲ್‌ಗಳಾದರೆ ನೆತ್ತಿ ಕತ್ತರಿಸುವ ಪ್ರಸಂಗವೇ ಕಡಿಮೆ.

ಸಬ್ಸಿಡಿಯೂ ಇದಕ್ಕೆ ಅಡ್ಡಬರುವುದಿಲ್ಲ. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆ ಪ್ಯಾನೆಲ್, ಇನ್ವರ್ಟರ್ ಎರಡರಲ್ಲಿ ಕಡಿಮೆಯಿರುವ ಅಂಕಿಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಮೂರು ಕಿಲೋವ್ಯಾಟಿಗೆ ಸಿಗುವ 78,000 ರೂಪಾಯಿಯೇ ಮನೆಯೊಂದಕ್ಕೆ ಗರಿಷ್ಠ. ಪೆಟ್ಟು ಬೀಳುವುದು ಇನ್ವರ್ಟರ್ ಮೂರಕ್ಕಿಂತ ಇಳಿದಾಗ.

ಇಷ್ಟೆಲ್ಲ ಕರೆಂಟ್ ಇರುವಾಗಿನ ಮಾತು. ನಮ್ಮ ಮನೆಗಳಲ್ಲಿ 'ಇನ್ವರ್ಟರ್' ಅಂದರೆ ಮೊದಲಿನಿಂದಲೂ ಕರೆಂಟ್ ಹೋದಾಗ ದೀಪ ಉರಿಸುವ ಬ್ಯಾಟರಿ ಪೆಟ್ಟಿಗೆ. ಅದೇ ನಂಬಿಕೆಯಲ್ಲಿ ಸೋಲಾರ್ ಹಾಕಿಸಿ, ಬಿಸಿಲು ಸುರಿಯುತ್ತಿದ್ದಾಗಲೇ ಮನೆ ಕತ್ತಲಾದದ್ದನ್ನು ಕಂಡು ಬೇಸ್ತುಬಿದ್ದವರು ಕಡಿಮೆಯಿಲ್ಲ. ಬ್ಯಾಟರಿಯಿಲ್ಲದ ಆನ್-ಗ್ರಿಡ್ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಹೋದೊಡನೆ ತಾನೂ ಆಫ್ ಆಗಲೇಬೇಕು. ಕಂಬ ಹತ್ತಿದ ಲೈನ್‌ಮನ್ನಿನ ಜೀವದ ಪ್ರಶ್ನೆ ಅದು.

ಬ್ಯಾಟರಿ ಜೋಡಿಸಿಕೊಂಡು ಕರೆಂಟ್ ಹೋದಾಗಲೂ ಓಡುವ ಹೈಬ್ರಿಡ್ ಇನ್ವರ್ಟರಿನಲ್ಲಿ ಸಾಮರ್ಥ್ಯದ ಅರ್ಥವೇ ಬದಲಾಗುತ್ತದೆ. ಲೈನ್ ಇರುವವರೆಗೆ ಕೊರತೆಯನ್ನು ಬೀದಿಯ ತಂತಿ ಸದ್ದಿಲ್ಲದೆ ತುಂಬುತ್ತಿರುತ್ತದೆ. ಲೈನ್ ಹೋದ ಮೇಲೆ ಇನ್ವರ್ಟರಿನ ಮಿತಿಯೇ ಮನೆಯ ಮಿತಿ. ಎಷ್ಟು ಹೊತ್ತು ಎಂಬುದನ್ನು ಬ್ಯಾಟರಿ ಹೇಳಿದರೆ, ಒಟ್ಟಿಗೆ ಎಷ್ಟು ಎಂಬುದನ್ನು ಹೇಳುವುದು ಇದು. 2000 ವ್ಯಾಟಿನ ಗೀಸರ್, 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಎರಡಕ್ಕೇ ಮೂರು ಕಿಲೋವ್ಯಾಟ್ ಮುಗಿಯಿತು. ಚಟ್ನಿಗೆಂದು ಮಿಕ್ಸಿ ತಿರುವಿದರೆ ಟ್ರಿಪ್. ಒಂದು ಎಚ್‌ಪಿ ಪಂಪು ಓಡುವಾಗ ಒಂದು ಕಿಲೋವ್ಯಾಟಿನ ಆಸುಪಾಸು, ಆದರೆ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಆದ್ದರಿಂದ ಹೈಬ್ರಿಡ್ ಕೊಳ್ಳುವವರು ಮೊದಲು ಎಣಿಸಬೇಕಾದ್ದು ಕರೆಂಟ್ ಹೋದಾಗಲೂ ಓಡಲೇಬೇಕಾದ ಸಾಮಾನುಗಳನ್ನು. ಫ್ರಿಜ್ಜು, ಫ್ಯಾನು, ನಾಲ್ಕಾರು ದೀಪ, ವೈಫೈ ಇಷ್ಟೇ ಆದರೆ ಒಂದು ಕಿಲೋವ್ಯಾಟೇ ಧಾರಾಳ. ಬೋರ್‌ವೆಲ್ ಮೋಟರು ಬೇಕೆಂದರೆ ಐದೂ ಸಾಲದಿರಬಹುದು.