ದಿನಾ ಹೊರುವ ಲ್ಯಾಪ್‌ಟಾಪ್

ಸಿಇಟಿ ಸೀಟು ಹಂಚಿಕೆ ಮುಗಿದು ಕಾಲೇಜಿನ ಶುಲ್ಕ ಕಟ್ಟಿಯಾದ ಮೇಲೆ ಬೆಂಗಳೂರಿನ ನಾಯಂಡಹಳ್ಳಿ, ಪಂತರಪಾಳ್ಯ, ಗಾಳಿ ಆಂಜನೇಯನ ಗುಡಿಯ ಸುತ್ತಮುತ್ತಲ ಮನೆಗಳಲ್ಲಿ ಲ್ಯಾಪ್‌ಟಾಪಿನ ಮಾತು ಶುರುವಾಗುತ್ತದೆ. ಮಕ್ಕಳ ವಾದ ಹೆಚ್ಚುಕಡಿಮೆ ಒಂದೇ: "ಅಪ್ಪಾ, ನಾಲ್ಕು ವರ್ಷ ಬರಬೇಕಲ್ಲ, ಪವರ್ ಇರೋದನ್ನೇ ತಗೊಳ್ಳೋಣ." ಪವರ್ ಇರುವುದು ಅಂದರೆ ಗೇಮಿಂಗ್ ಲ್ಯಾಪ್‌ಟಾಪ್. ಅಂಗಡಿಯಲ್ಲಿ ಅದರ ಪಕ್ಕದಲ್ಲೇ, ಬಹುಪಾಲು ಅದೇ ಬೆಲೆಗೆ ತೆಳ್ಳಗಿನ ಇನ್ನೊಂದು ಯಂತ್ರ ಇರುತ್ತದೆ. ಅದರ ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿದರೆ ಸ್ಲೇಟಿನ ಹಾಗಾಗುತ್ತದೆ. ಪೆನ್ನು ಹಿಡಿದು ಅದರ ಮೇಲೆ ಬರೆಯಬಹುದು. ಅದು ಕನ್ವರ್ಟಿಬಲ್. ಶೇ 18ರ ಜಿಎಸ್‌ಟಿಯೂ ಸೇರಿ ಒಂದು ಲಕ್ಷದ ಆಸುಪಾಸು ಬೀಳುವ ಈ ಖರೀದಿ ಮಧ್ಯಮ ವರ್ಗದ ಮನೆಗೆ ಚಿಕ್ಕದಲ್ಲ. ಎಷ್ಟೋ ಮನೆಗಳಲ್ಲಿ ಇದು ಮೂರು ಸೀಟಿನ ಸೋಫಾಗಿಂತ, ಹೊಸ ಫ್ರಿಜ್ಜಿಗಿಂತ ದೊಡ್ಡ ಖರ್ಚು.

ಈ ಎರಡನ್ನು ನಾವು ತೂಗುವ ರೀತಿಯ ಬಗ್ಗೆಯೇ ನನಗೆ ತಕರಾರಿದೆ. ಡಬ್ಬಿಯ ಮೇಲಿನ ಸಂಖ್ಯೆಗಳನ್ನು ಎದುರುಬದುರು ಇಟ್ಟು ನೋಡುತ್ತೇವೆ. ಆ ಯಂತ್ರ ದಿನಾ ಎಲ್ಲಿಂದ ಎಲ್ಲಿಗೆ ಹೋಗಬೇಕು, ಯಾರ ಹೆಗಲ ಮೇಲೆ ಹೋಗಬೇಕು, ಅಲ್ಲಿ ಹೋಗಿ ಏನು ಮಾಡಬೇಕು ಅನ್ನುವುದನ್ನು ಕೇಳುವುದೇ ಇಲ್ಲ.

ನಾಯಂಡಹಳ್ಳಿಯಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಇಲ್ಲಿ ಕೂಡುತ್ತವೆ. 2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿವರೆಗೆ ಬಂದಾಗ ಪಂತರಪಾಳ್ಯ-ನಾಯಂಡಹಳ್ಳಿ ನಿಲ್ದಾಣ ತೆರೆಯಿತು. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಪೂರ್ತಿಯಾಯಿತು. ಇಲ್ಲಿನ ಹುಡುಗರು, ಹುಡುಗಿಯರು ರಿಂಗ್ ರೋಡಿನ ಪಿಇಎಸ್‌ಗೆ ಹೋಗುತ್ತಾರೆ, ಮೈಸೂರು ರಸ್ತೆಯ ಆರ್‌ವಿಗೆ ಹೋಗುತ್ತಾರೆ, ಜ್ಞಾನಭಾರತಿಗೆ ಹೋಗುತ್ತಾರೆ. ಮೂರನೇ ವರ್ಷಕ್ಕೆ ಇಂಟರ್ನ್‌ಶಿಪ್ ಸಿಕ್ಕಿತೆಂದರೆ ಇಡೀ ಊರನ್ನು ದಾಟಿ ವೈಟ್‌ಫೀಲ್ಡಿಗೂ ಹೋಗುತ್ತಾರೆ. ಬೆಳಗಿನ ಮೆಟ್ರೊದಲ್ಲಿ ಬ್ಯಾಗನ್ನು ಎದೆಗೆ ಹಾಕಿಕೊಂಡು ಮೆಜೆಸ್ಟಿಕ್‌ವರೆಗೆ ನಿಂತೇ ಹೋದವರಿಗೆ ಒಂದು ಕಿಲೋ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಗೇಮಿಂಗ್ ಲ್ಯಾಪ್‌ಟಾಪಿನ ತೂಕ ಸಾಮಾನ್ಯವಾಗಿ 2.2ರಿಂದ 2.5 ಕಿಲೋ. ಜಾಹೀರಾತಿನಲ್ಲಿ ಕಾಣುವುದು ಇಷ್ಟೇ. ಅದರ ಅಡಾಪ್ಟರ್ 170ರಿಂದ 240 ವಾಟಿನದು; ವೈರೂ ಸೇರಿ ಅದೇ ಅರ್ಧ ಕಿಲೋ ದಾಟುತ್ತದೆ. ಅದನ್ನು ಮನೆಯಲ್ಲಿ ಬಿಟ್ಟು ಬರುವ ಹಾಗೂ ಇಲ್ಲ. ದೊಡ್ಡ ಪ್ರೊಸೆಸರ್, ಬೇರೆ ಗ್ರಾಫಿಕ್ಸ್ ಚಿಪ್ ಎರಡೂ ಇರುವ ಯಂತ್ರ ಸುಮ್ಮನೆ ಪಿಡಿಎಫ್ ತೆರೆದು ಕುಳಿತರೂ ಬ್ಯಾಟರಿ ಕುಡಿಯುತ್ತಲೇ ಇರುತ್ತದೆ. ನಾಲ್ಕೈದು ಗಂಟೆ ಬಂದರೆ ಪುಣ್ಯ. ತರಗತಿಯ ಕೊಠಡಿಯಲ್ಲಿ ಪ್ಲಗ್ ಇರುವುದು ಗೋಡೆಯ ಪಕ್ಕದ ಬೆಂಚಿಗೆ ಮಾತ್ರ. ಅಲ್ಲಿ ಜಾಗ ಸಿಗದವರು ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿ ನೋಟ್‌ಬುಕ್ ತೆಗೆಯುತ್ತಾರೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಚಾರ್ಜರ್ ಕಿತ್ತ ಕೂಡಲೇ ಗ್ರಾಫಿಕ್ಸ್ ಚಿಪ್ಪಿನ ವೇಗವೂ ಇಳಿಯುತ್ತದೆ. ಅಷ್ಟು ವಾಟ್ ಕೊಡುವ ಶಕ್ತಿ ಬ್ಯಾಟರಿಗಿಲ್ಲ. ದುಡ್ಡು ಕೊಟ್ಟು ತಂದ ಪವರ್ ಸಿಗುವುದು ಗೋಡೆಗೆ ಸಿಕ್ಕಿಸಿದಾಗ ಮಾತ್ರ.

ಆ ಪವರ್ ಕೂಡ ಹೆಸರು ಹೇಳಿದಷ್ಟು ಸಿಗುತ್ತದೆಂಬ ಖಾತ್ರಿಯಿಲ್ಲ. ಅಂಗಡಿಯಲ್ಲಿ "ಆರ್‌ಟಿಎಕ್ಸ್ 4050 ಇದೆ ಸರ್" ಅನ್ನುತ್ತಾರೆ. ಎನ್‌ವಿಡಿಯಾ 2023ರಲ್ಲಿ ಲ್ಯಾಪ್‌ಟಾಪುಗಳಿಗೆಂದು ತಂದ ಈ ಚಿಪ್ಪಿಗೆ ತಯಾರಕರು 35 ವಾಟಿನಿಂದ 115 ವಾಟಿನವರೆಗೆ ಎಷ್ಟು ಬೇಕಾದರೂ ವಿದ್ಯುತ್ ಕೊಡಬಹುದು. 4060ಕ್ಕೂ ಅದೇ ಮಿತಿ. ಒಂದೇ ಹೆಸರಿನ ಚಿಪ್ ಇರುವ ಎರಡು ಲ್ಯಾಪ್‌ಟಾಪುಗಳ ಕೆಲಸದಲ್ಲಿ ಅಜಗಜಾಂತರ ಇರಬಹುದು. ಚಿಕ್ಕ ಚಿಪ್ಪಿಗೆ ಪೂರ್ತಿ ವಾಟ್ ಕೊಟ್ಟ ಯಂತ್ರ ದೊಡ್ಡ ಚಿಪ್ಪಿಗೆ ಅರೆಹೊಟ್ಟೆ ಉಣಿಸಿದ ಯಂತ್ರವನ್ನು ಹಿಂದೆ ಹಾಕಲೂಬಹುದು. ವಾಟಿನ ಲೆಕ್ಕ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಇರುವುದಿಲ್ಲ, ತಯಾರಕರ ವಿವರಪಟ್ಟಿಯ ಮೂಲೆಯಲ್ಲಿ ಹುಡುಕಬೇಕು. ಗ್ರಾಹಕರಿಗೆ ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಪರದೆಯ ಕಥೆಯೂ ಹೀಗೇ. 144 ಹರ್ಟ್ಸ್ ಎಂದು ಹೊಗಳುತ್ತಾರೆ, ಆದರೆ ಕಡಿಮೆ ಬೆಲೆಯ ಎಷ್ಟೋ ಗೇಮಿಂಗ್ ಮಾದರಿಗಳ ಪರದೆ ತೋರಿಸುವುದು ಎಸ್‌ಆರ್‌ಜಿಬಿ ಬಣ್ಣಗಳ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ. ಅದರಲ್ಲಿ ಕುಂಕುಮದ ಕೆಂಪು ಸಪ್ಪೆ ಇಟ್ಟಿಗೆಯ ಬಣ್ಣವಾಗಿ ಕಾಣುತ್ತದೆ. ವಿನ್ಯಾಸ ಓದುವವರು ಅಂಥ ಪರದೆಯನ್ನು ನಂಬಿ ಪೋಸ್ಟರ್ ಮಾಡಿದರೆ ಮುದ್ರಣ ಬೇರೆಯದೇ ಆಗಿ ಬರುತ್ತದೆ.

ಇನ್ನು ಧೂಳು. ಮೈಸೂರು ರಸ್ತೆಯ ಕಡೆಗೆ ಕಿಟಕಿ ಇರುವ ಕೋಣೆಯಲ್ಲಿ ವರ್ಷ ಒಪ್ಪತ್ತು ಓಡಿದ ಗೇಮಿಂಗ್ ಲ್ಯಾಪ್‌ಟಾಪಿನ ಕೆಳಮುಚ್ಚಳ ಬಿಚ್ಚಿ ನೋಡಬೇಕು. ಎರಡು ಫ್ಯಾನುಗಳ ರೆಕ್ಕೆಯ ಅಂಚಿಗೆ ಬೂದು ಪುಡಿ ಮೆತ್ತಿರುತ್ತದೆ. ಫ್ಯಾನ್ ಊದುವ ಕಡೆ ಬಾಚಣಿಗೆಯ ಹಲ್ಲಿನಷ್ಟು ಒತ್ತಾಗಿ ನಿಂತ ತಾಮ್ರದ ಎಲೆಗಳ ಒಳಬದಿಯಲ್ಲಿ ಧೂಳೂ ಕೂದಲೂ ಹೆಣೆದುಕೊಂಡ ಒಂದು ಪದರ. ಚಿಮಟದಲ್ಲಿ ಹಿಡಿದರೆ ಬಟ್ಟೆಯ ಹಾಗೆ ಇಡಿಯಾಗಿ ಎದ್ದು ಬರುತ್ತದೆ. ಗಾಳಿ ಆಡದೆ ಪ್ರೊಸೆಸರ್ 90 ಡಿಗ್ರಿ ದಾಟುತ್ತದೆ, ದಾಟಿದ ಮೇಲೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಾಸಿಗೆಯ ಮೇಲಿಟ್ಟು ಬಳಸಿದರೆ ಇನ್ನೂ ಬೇಗ, ಏಕೆಂದರೆ ಗಾಳಿ ಎಳೆಯುವ ಕಿಂಡಿ ಕೆಳಗಡೆಯೇ ಇದೆ. ಪಿ.ಜಿ. ಕೋಣೆಯಲ್ಲಿ ಮೂವರಿಗೆ ಮೂರು ಮಂಚ ಇರುತ್ತವೆ, ಮೇಜು ಇರುವುದು ಒಂದೇ. ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ, ಬ್ರಷ್ಷಿನಲ್ಲಿ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಬದಲಿಸುವ ಖರ್ಚನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಹಾಗಂತ ಈ ಯಂತ್ರವನ್ನು ತಳ್ಳಿಹಾಕುವ ಮಾತಿಲ್ಲ. ಅದರ ದೊಡ್ಡ ಗುಣವನ್ನು ಜಾಹೀರಾತು ಹೇಳುವುದೇ ಇಲ್ಲ. ಅದು ಬಿಚ್ಚಲು ಬರುವ ಯಂತ್ರ. ಹೆಚ್ಚಿನ ಮಾದರಿಗಳಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್ ಇರುತ್ತವೆ, ಎಸ್‌ಎಸ್‌ಡಿಗೂ ಎಷ್ಟೋ ಸಲ ಎರಡು. ಈಗ 16 ಜಿಬಿಯಲ್ಲಿ ಕೊಂಡು ಮೂರನೇ ವರ್ಷ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ಇನ್ನೊಂದು ಕಡ್ಡಿ ಹಾಕಿಸಬಹುದು. ಮನೆಯ ದುಡ್ಡು ಕಂತಿನಲ್ಲಿ ಬರುವಾಗ ಯಂತ್ರವನ್ನೂ ಹಾಗೇ ಬೆಳೆಸಿಕೊಳ್ಳುವ ಅವಕಾಶ ಸಣ್ಣದಲ್ಲ. ಆರ್ಕಿಟೆಕ್ಚರ್ ಓದುವವರು ರೆವಿಟ್‌ನಲ್ಲಿ ಕಟ್ಟಿದ್ದನ್ನು ಲ್ಯೂಮಿಯನ್ನಿನಲ್ಲಿ ನೋಡಬೇಕೆಂದರೆ, ಬ್ಲೆಂಡರಿನಲ್ಲಿ ಅನಿಮೇಷನ್ ಕಲಿಯಬೇಕೆಂದರೆ, ಆಟಗಳನ್ನು ಆಡುವುದಷ್ಟೇ ಅಲ್ಲದೆ ಕಟ್ಟಬೇಕೆಂದರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಕರ್ನಾಟಕ 2012ರಷ್ಟು ಹಿಂದೆಯೇ ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆ ನೀತಿ ಮಾಡಿದ ರಾಜ್ಯ. ಇಲ್ಲಿ ಆ ಕಲಿಕೆಗೆ ಕೆಲಸದ ದಾರಿ ಇದೆ. ಆ ದಾರಿ ಹಿಡಿದ ಮಗುವಿಗೆ "ತೂಕ ಜಾಸ್ತಿ, ಬೇಡ" ಅನ್ನುವುದು ತಪ್ಪು.

ಆದರೆ ಆ ದಾರಿಯಲ್ಲಿ ಇರುವವರು ಎಷ್ಟು ಮಂದಿ? ಕಂಪ್ಯೂಟರ್ ಸೈನ್ಸಿನ ಬಹುಪಾಲು ಕೆಲಸಕ್ಕೆ ಬೇಕಾದ್ದು ರ‍್ಯಾಮ್. ಆಂಡ್ರಾಯ್ಡ್ ಸ್ಟುಡಿಯೊದಲ್ಲಿ ಎಮ್ಯುಲೇಟರ್ ತೆರೆದು, ಪಕ್ಕದಲ್ಲಿ ಬ್ರೌಸರಿನ ಹತ್ತು ಪುಟ ಇಟ್ಟುಕೊಂಡರೆ ಉಸಿರು ಕಟ್ಟುವುದು 8 ಜಿಬಿ ರ‍್ಯಾಮಿಗೆ. ಗ್ರಾಫಿಕ್ಸ್ ಚಿಪ್ ಆಗ ಬಹುಮಟ್ಟಿಗೆ ಸುಮ್ಮನೆ ಕೂತಿರುತ್ತದೆ. "ಎಐ ಕಲಿಯಬೇಕು, ಅದಕ್ಕೆ ಆರ್‌ಟಿಎಕ್ಸ್ ಬೇಕು" ಎನ್ನುವ ವಾದ ಈಚೆಗೆ ಬಹಳ ಕೇಳುತ್ತಿದೆ. ಅದರಲ್ಲಿ ಅರ್ಧ ನಿಜವಿದೆ. 4050ರಲ್ಲಿ ಇರುವುದು 6 ಜಿಬಿ ಗ್ರಾಫಿಕ್ಸ್ ಮೆಮೊರಿ. ಮೊದಲ ಪಾಠಗಳಿಗೆ ಸಾಕು, ನಿಜವಾದ ಮಾದರಿಗಳ ಹತ್ತಿರ ಹೋದ ಕೂಡಲೇ ಸಾಲದು. ಗೂಗಲ್ ಕೊಲ್ಯಾಬಿನಲ್ಲಿ 16 ಜಿಬಿ ಮೆಮೊರಿಯ ಟಿ4 ಚಿಪ್ಪನ್ನು, ಸಮಯದ ಮಿತಿಯಿದ್ದರೂ, ಕಾಸಿಲ್ಲದೆ ಬಳಸಬಹುದು. ಅದಕ್ಕೆ ಬೇಕಾದ್ದು ಒಂದು ಬ್ರೌಸರು, ಇಂಟರ್ನೆಟ್ಟು. ಆಟದ ವಿಷಯದಲ್ಲೂ ಮನೆಯವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಹುಡುಗರು ಗುಂಪು ಕಟ್ಟಿಕೊಂಡು ಆಡುವ ವ್ಯಾಲರಂಟ್‌ಗೆ ಅದನ್ನು ಮಾಡಿದವರೇ ಹೇಳುವ ಕನಿಷ್ಠ ಅಗತ್ಯ ಹಳೆಯ ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್. ಇಂದಿನ ಕನ್ವರ್ಟಿಬಲ್‌ಗಳಲ್ಲಿ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಅದಕ್ಕಿಂತ ಎಷ್ಟೋ ಮುಂದಿದೆ.

ಕನ್ವರ್ಟಿಬಲ್ ಬಗೆಯನ್ನು ಜನಪ್ರಿಯಗೊಳಿಸಿದ್ದು ಲೆನೊವೊದ ಯೋಗ; 2012ರಲ್ಲಿ, ವಿಂಡೋಸ್ 8ರ ಜೊತೆಗೆ ಬಂತು. ಇವತ್ತಿನ 14 ಇಂಚಿನ ಮಾದರಿಗಳ ತೂಕ ಸುಮಾರು 1.4ರಿಂದ 1.6 ಕಿಲೋ, ಚಾರ್ಜರ್ 65 ವಾಟಿನ ಟೈಪ್-ಸಿ. ಅದೇ ಚಾರ್ಜರಿನಲ್ಲಿ ಫೋನೂ ಚಾರ್ಜ್ ಆಗುತ್ತದೆ. ಬೆಳಿಗ್ಗೆ ಪೂರ್ತಿ ತುಂಬಿಕೊಂಡು ಹೊರಟರೆ ಕಾಲೇಜಿನ ಒಂದು ದಿನಕ್ಕೆ ಸಾಕಾಗುತ್ತದೆ.

ಪೆನ್ನೇ ಇದರ ನಿಜವಾದ ಬಲ. ಸಿವಿಲ್ ತರಗತಿಯಲ್ಲಿ ತೊಲೆಯೊಂದರ ಬೆಂಡಿಂಗ್ ಮೊಮೆಂಟ್ ಚಿತ್ರ ಬರೆಯುವುದು, ಸರ್ಕ್ಯೂಟ್ ಬಿಡಿಸುವುದು, ಮೇಷ್ಟ್ರು ಕಳಿಸಿದ ಪಿಡಿಎಫ್ ಮೇಲೆಯೇ ಗೆರೆ ಎಳೆದು ಪಕ್ಕದಲ್ಲಿ ಟಿಪ್ಪಣಿ ಹಾಕುವುದು, ಇವೆಲ್ಲ ಕೀಲಿಮಣೆಯಲ್ಲಿ ಆಗುವ ಕೆಲಸಗಳಲ್ಲ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಇಂಗ್ಲಿಷ್ ಪಾಠದ ಅಂಚಿನಲ್ಲಿ ತಮಗೆ ತಿಳಿಯುವ ಹಾಗೆ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ನುಡಿ ತಂತ್ರಾಂಶದ ಕೀಲಿಮಣೆಯನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ಪೆನ್ನಿದ್ದರೆ ಭಾಷೆ ಬದಲಿಸುವ ಗೋಜೇ ಇಲ್ಲ, ಒಂದೇ ಸಾಲಿನಲ್ಲಿ ಎರಡೂ ಬರುತ್ತವೆ. ಈ ಒಂದು ಉಪಯೋಗಕ್ಕಾಗಿಯೇ ನಾನು ಕನ್ವರ್ಟಿಬಲ್ ಪಕ್ಷ ವಹಿಸಲು ಸಿದ್ಧ.

ಆದರೆ ಆ ಪೆನ್ನನ್ನು ಅಂಗಡಿಯಲ್ಲೇ ಹಿಡಿದು ನೋಡಬೇಕು. ಗಾಜಿನ ಮೇಲೆ ತುದಿ ಜಾರುತ್ತದೆ. "ಕ್ಷ", "ಜ್ಞ", ಒತ್ತಿಗೆ ಒತ್ತು ಬರುವ "ಸ್ತ್ರೀ" ಬರೆದಾಗ ಕಾಗದದಲ್ಲಿ ಸರಿಯಾಗಿ ಕೂರುವ ಅಕ್ಷರ ಇಲ್ಲಿ ಕಾಲು ಚಾಚಿಕೊಳ್ಳುತ್ತದೆ. ಅಂಗೈ ಊರಿದಲ್ಲೆಲ್ಲ ಗೆರೆ ಮೂಡುವ ಮಾದರಿಗಳೂ ಇವೆ. ಪೆನ್ನು ಡಬ್ಬಿಯಲ್ಲೇ ಬರುತ್ತದೋ ಬೇರೆ ಕೊಳ್ಳಬೇಕೋ ಎಂಬುದನ್ನೂ ಕೇಳಬೇಕು. ಪರದೆಯನ್ನು ಹಿಂದಕ್ಕೆ ಮಡಚಿ ಕೈಯಲ್ಲಿ ಹಿಡಿದು ಓದಬಹುದು ಎನ್ನುತ್ತಾರೆ. ಅರ್ಧ ಕಿಲೋ ತೂಗುವ ಟ್ಯಾಬ್ಲೆಟ್ಟನ್ನು ಹಿಡಿದಂತೆ ಒಂದೂವರೆ ಕಿಲೋವನ್ನು ಹಿಡಿದು ಕೂರಲು ಯಾರಿಗೂ ಆಗದು. ಅದು ಮೇಜಿನ ಮೇಲೆ ಮಲಗಿಸಿ ಬರೆಯುವ ಯಂತ್ರ. ಗಾಜಿನ ಪರದೆ ಮಿರಮಿರ ಮಿಂಚುವುದರಿಂದ ಕಿಟಕಿಗೆ ಬೆನ್ನು ಹಾಕಿ ಕೂತರೆ ಕಾಣುವುದು ನಮ್ಮದೇ ಮುಖ. ಬಿದ್ದು ಒಡೆದರೆ ಗಾಜು, ಟಚ್, ಪರದೆ ಮೂರನ್ನೂ ಒಟ್ಟಿಗೆ ಬದಲಿಸಬೇಕಾಗುತ್ತದೆ. ಆ ಬಿಲ್ಲು ಕಂಡು ಗಾಬರಿಯಾದ ತಂದೆತಾಯಿಗಳನ್ನು ನೋಡಿದ್ದೇನೆ. ಎಲ್ಲಕ್ಕಿಂತ ದೊಡ್ಡ ದೋಷ ರ‍್ಯಾಮಿನದು. ಅದನ್ನು ಮದರ್‌ಬೋರ್ಡಿಗೇ ಬೆಸೆದಿರುವುದೇ ಹೆಚ್ಚು. ಅಂಥದ್ದನ್ನು 8 ಜಿಬಿ ಎಂದು ಕೊಂಡರೆ ಕೊನೆತನಕ 8 ಜಿಬಿಯೇ. ಬೆಲೆ ಹತ್ತು ಸಾವಿರ ಕಡಿಮೆ ಎಂದು ಆ ಮಾದರಿ ಒಯ್ದವರು ಎರಡನೇ ವರ್ಷಕ್ಕೇ ಕಷ್ಟಕ್ಕೆ ಬೀಳುತ್ತಾರೆ.

ಎರಡೂ ಒಂದರಲ್ಲೇ ಇರಲಿ ಎನ್ನುವವರಿಗಾಗಿ ಅಸೂಸ್ 2021ರಲ್ಲಿ ಆರ್‌ಒಜಿ ಫ್ಲೋ ಎಕ್ಸ್13 ತಂದಿತು. ಮಡಚಲೂ ಬರುತ್ತದೆ, ಗ್ರಾಫಿಕ್ಸ್ ಚಿಪ್ಪೂ ಇದೆ, ತೂಕವೂ ಕಡಿಮೆ. ಆದರೆ ಈ ಲೇಖನದಲ್ಲಿ ಲೆಕ್ಕ ಹಾಕುತ್ತಿರುವ ದುಡ್ಡಿಗೆ ಆ ಸಾಲಿನ ಯಂತ್ರ ಸಿಗುವುದಿಲ್ಲ.

ನನ್ನ ತೀರ್ಮಾನ ಹೀಗಿದೆ. ನಾಯಂಡಹಳ್ಳಿಯಿಂದ ದಿನಾ ಬಸ್ಸು, ಮೆಟ್ರೊ ಹತ್ತಿ ಹೋಗುವ, ಕಂಪ್ಯೂಟರ್ ಸೈನ್ಸೋ ಎಲೆಕ್ಟ್ರಾನಿಕ್ಸೋ ಕಾಮರ್ಸೋ ಓದುವ ವಿದ್ಯಾರ್ಥಿಗೆ ಹಗುರವಾದದ್ದೇ ಸರಿ. ಕೈಬರಹದ ಅಭ್ಯಾಸ ಇದ್ದರೆ ಕನ್ವರ್ಟಿಬಲ್. ಇಲ್ಲದಿದ್ದರೆ ಮಡಚುವ ಹಿಂಜಿಗೆ ದುಡ್ಡು ಕೊಡದೆ ಅಷ್ಟೇ ತೂಕದ ಸಾಮಾನ್ಯ ಲ್ಯಾಪ್‌ಟಾಪ್ ಕೊಂಡು, ಉಳಿದ ಹಣವನ್ನು ರ‍್ಯಾಮಿಗೆ ಹಾಕಬೇಕು. ಆರ್ಕಿಟೆಕ್ಚರ್, ಅನಿಮೇಷನ್, ಆಟ ಕಟ್ಟುವ ಕಲಿಕೆ ಹಿಡಿದವರು, ಮೆಕ್ಯಾನಿಕಲ್‌ನಲ್ಲಿ ಸಿಮ್ಯುಲೇಷನ್ ಕಡೆಗೆ ಒಲವಿರುವವರು ಗೇಮಿಂಗ್ ಲ್ಯಾಪ್‌ಟಾಪನ್ನೇ ತೆಗೆದುಕೊಳ್ಳಲಿ. ಆದರೆ ಮನೆಯಲ್ಲಿ ಅದಕ್ಕೊಂದು ಮೇಜನ್ನೂ ಕೊಡಿ. ದಿನಾ ಹೊರಿಸಬೇಡಿ, ಪ್ರಾಜೆಕ್ಟ್ ತೋರಿಸುವ ದಿನ ಒಯ್ಯಲಿ.

ಅಂಗಡಿಗೆ ಹೋಗುವಾಗ ಕಾಲೇಜಿಗೆ ಒಯ್ಯುವ ಬ್ಯಾಗನ್ನೇ ತೆಗೆದುಕೊಂಡು ಹೋಗಿ. ಎರಡು ಪುಸ್ತಕ, ನೀರಿನ ಬಾಟಲು, ಊಟದ ಡಬ್ಬಿ ಒಳಗಿರಲಿ. ಲ್ಯಾಪ್‌ಟಾಪನ್ನೂ ಅದರ ಅಡಾಪ್ಟರನ್ನೂ ಅದರಲ್ಲಿಟ್ಟು ಮಗಳ ಹೆಗಲಿಗೆ ಹಾಕಿ, ಅಂಗಡಿಯ ಮೆಟ್ಟಿಲನ್ನು ಒಮ್ಮೆ ಹತ್ತಿ ಇಳಿಯಲು ಹೇಳಿ. ಗ್ರಾಫಿಕ್ಸ್ ಚಿಪ್ಪಿಗೆ ಎಷ್ಟು ವಾಟ್, ರ‍್ಯಾಮ್ ಬದಲಿಸಲು ಬರುತ್ತದೆಯೇ, ಪರದೆ ಒಡೆದರೆ ಎಷ್ಟಾಗುತ್ತದೆ ಎಂಬ ಮೂರಕ್ಕೂ ಬರಹದಲ್ಲಿ ಉತ್ತರ ಕೊಡದ ಅಂಗಡಿಯಿಂದ ಪಕ್ಕದ ಅಂಗಡಿಗೆ ಹೋಗಿ.