ಹಿತ್ತಿಲ ಬಾಗಿಲಿಗೂ ಚಿಲಕ

ಮೈನ್‌ಕ್ರಾಫ್ಟ್ ಸರ್ವರ್‌ಗಳ ಮುಂದೆ ನಿಲ್ಲುವ ಪ್ರಾಕ್ಸಿ ವೆಲಾಸಿಟಿಗೆ ಮೊದಲ ಪ್ಲಗಿನ್ ಬರೆಯೋಣ ಎಂದು ಹೋದ ವಾರ ಮಾತು ಕೊಟ್ಟಿದ್ದೆ. ಎಪಿಐ ಕೈಗೆ ಸಿಕ್ಕ ಕೂಡಲೇ ಹೊಸಬರು ತಡಕಾಡುವುದು ಬ್ಲಾಕ್ ಒಡೆದಾಗಿನ ಈವೆಂಟಿಗೆ. ಅದು ಅಲ್ಲಿಲ್ಲ. ಬ್ಲಾಕು, ಹಂದಿ, ಸೆಕೆಂಡಿಗೆ 20 ಟಿಕ್ಕು, ಎಲ್ಲವೂ ಹಿಂದಿರುವ ಪೇಪರ್ ಸರ್ವರ್‌ಗಳ ಪಾಡು. ಯಾರು ಬಂದರು, ಎಲ್ಲಿಗೆ ಕಳಿಸಬೇಕು, ಆ ಸರ್ವರ್ ಬಿದ್ದರೆ ಇನ್ನೆಲ್ಲಿಗೆ ಎಂಬುದಷ್ಟೇ ಪ್ರಾಕ್ಸಿಯ ಚಿಂತೆ. ಲಾಬಿಯಿಂದ ಸರ್ವೈವಲ್‌ಗೆ ದಾಟಿದ ಆಟಗಾರನ ಸಾಮಾನೂ ಜೊತೆಗೆ ಹೋಗುವುದಿಲ್ಲ. ಡೇಟಾಬೇಸ್ ಇಟ್ಟು ನೀವೇ ಸಾಗಿಸಬೇಕು.

ಹಾಗಾಗಿ ಕೋಡ್ ಆಮೇಲೆ. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಪೇಪರ್ ಎಬ್ಬಿಸಿ, ಪೋರ್ಟ್ 25566 ಮತ್ತು 25567. ಮುಂದೆ 25565ರಲ್ಲಿ ವೆಲಾಸಿಟಿ. ಸರ್ವರ್ ಕಮಾಂಡ್ ಹೊಡೆದು ಅಲ್ಲಿಂದಿಲ್ಲಿಗೆ ಓಡಾಡಿ. ಮೊದಲ ದಿನವೇ ಕುಬರ್ನೆಟಿಸ್ ಬೇಕೆನ್ನುವವರಿಗೆ ದೂರದಿಂದಲೇ ನಮಸ್ಕಾರ.

ಪ್ಲಗಿನ್ ಮಾತು ಇಲ್ಲಿಗೇ ಬಿಡುತ್ತೇನೆ, ಏಕೆಂದರೆ ಇಷ್ಟು ಮಾಡಿದವರು ಆಗಲೇ ಒಂದು ಅಪಾಯ ತಂದುಕೊಂಡಿರುತ್ತಾರೆ. ಪ್ರಾಕ್ಸಿಯ ಹಿಂದೆ ಕೂರಿಸಲು ಪೇಪರ್‌ನಲ್ಲಿ ಆನ್‌ಲೈನ್-ಮೋಡ್ ಆಫ್ ಮಾಡಲೇಬೇಕು. ಖಾತೆ ಅಸಲಿಯೇ ಎಂದು ಪರೀಕ್ಷಿಸುವುದು ಪ್ರಾಕ್ಸಿ. ಹಿಂದಿನ ಸರ್ವರ್ ಅದರ ಮಾತು ನಂಬುತ್ತದೆ. ಬಂಜೀಕಾರ್ಡ್ ಎಂಬ ಹಳೆಯ ಪ್ರಾಕ್ಸಿಯ ಪದ್ಧತಿಯಲ್ಲಿ ಆಟಗಾರನ ಐಪಿ, ಯುಯುಐಡಿಗಳನ್ನು ಹ್ಯಾಂಡ್‌ಶೇಕಿನ ವಿಳಾಸದ ಜಾಗದಲ್ಲಿ ತುರುಕಿ ಕಳಿಸುವುದು. ಸಹಿಯಿಲ್ಲ, ಗುಟ್ಟಿಲ್ಲ. ಹಿಂದಿನ ಪೋರ್ಟ್ ಹೊರಗೆ ಕಂಡರೆ ಯಾರು ಬೇಕಾದರೂ ನೇರ ನುಗ್ಗಿ 'ನಾನೇ ಅಡ್ಮಿನ್' ಎನ್ನಬಹುದು. "ಫೈರ್‌ವಾಲ್ ಇದೆಯಲ್ಲ ಸ್ವಾಮಿ" ಎನ್ನುವ ಬಂಜೀ ಮಂದಿಯೊಂದಿಗೆ ನನ್ನ ಜಗಳ ಹಳೆಯದು. ಇದೆ, ಸರಿ, ಹೊಸ ಸರ್ವರ್ ಸೇರಿಸುವ ಆತುರದಲ್ಲಿ ರೂಲ್ ಬರೆಯಲು ಮರೆತ ರಾತ್ರಿ? ಬಂಜೀಕಾರ್ಡ್‌ನ ಋಣ ನಮ್ಮೆಲ್ಲರ ಮೇಲಿದೆ, ಒಪ್ಪಿದೆ. ಋಣಕ್ಕಾಗಿ ಹಿತ್ತಿಲ ಬಾಗಿಲು ತೆರೆದಿಡಲಾರೆ.

ವೆಲಾಸಿಟಿಯ ಮಾಡರ್ನ್ ಫಾರ್ವರ್ಡಿಂಗ್, ಎರಡೂ ಕಡೆ ಗೊತ್ತಿರುವ ಒಂದು ಗುಟ್ಟಿನ ಕೀಲಿಯಿಂದ ಆಟಗಾರನ ವಿವರಕ್ಕೆ ಎಚ್‌ಮ್ಯಾಕ್ ಸಹಿ ಹಾಕುತ್ತದೆ. ಸಹಿ ತಾಳೆಯಾಗದಿದ್ದರೆ ಒಳಗೆ ಬಿಡುವುದಿಲ್ಲ. ಮೈನ್‌ಕ್ರಾಫ್ಟ್ 1.13ರಿಂದ ಈಚಿನ ಆವೃತ್ತಿಗಳಿಗೆ ಇದು ಸಲ್ಲುತ್ತದೆ. ಆದರೆ ತಾನಾಗಿ ಚಾಲೂ ಆಗದು: ವೆಲಾಸಿಟಿಯ ಕಾನ್ಫಿಗ್‌ನಲ್ಲಿ 'ಮಾಡರ್ನ್' ಎಂದು ನೀವೇ ಬರೆದು, ಕೀಲಿಯನ್ನು ಪೇಪರ್‌ನ ಗ್ಲೋಬಲ್ ಕಾನ್ಫಿಗ್‌ಗೆ ನಕಲಿಸಬೇಕು. ಆ ಕೀಲಿಯನ್ನು ಗಿಟ್‌ಹಬ್‌ಗೆ ಏರಿಸಬೇಡಿ.

ಆಮೇಲೆ ಪ್ರಾಕ್ಸಿ ಬಿಟ್ಟು ನೇರವಾಗಿ 25566ಕ್ಕೆ ಕನೆಕ್ಟ್ ಆಗಿ ನೋಡಿ. ವೆಲಾಸಿಟಿಯ ಮೂಲಕವೇ ಬಾ ಎಂದು ಸರ್ವರ್ ಹೊರಗೆ ದಬ್ಬಬೇಕು. ಒಳಗೆ ಬಿಟ್ಟುಕೊಂಡರೆ ಆ ಸರ್ವರಿನ ವಿಳಾಸವನ್ನು ಗೆಳೆಯರಿಗೂ ಕೊಡಬೇಡಿ.