ಪ್ರಶ್ನೋತ್ತರರತ್ನಮಾಲಿಕೆಯ ಕರ್ತೃತ್ವ: ನೀತಿಯು ಪ್ರಮಾಣವೇ?

ಪ್ರಶ್ನೋತ್ತರರತ್ನಮಾಲಿಕೆಯೆಂಬ ಕಿರುಕೃತಿಯು ಮೂವರ ಹೆಸರಿನಲ್ಲಿ ಪ್ರಚಲಿತವಾಗಿದೆ. ದಿಗಂಬರ ಪರಂಪರೆಯು ಅದನ್ನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನದೆಂದೂ (ಕ್ರಿ. ಶ. 814-878), ಶ್ವೇತಾಂಬರ ಪಾಠವು ವಿಮಲನೆಂಬ ಗುರುವಿನದೆಂದೂ, ಅದ್ವೈತಿಗಳು ಶಂಕರಾಚಾರ್ಯರದೆಂದೂ ಹೇಳುತ್ತಾರೆ. ಈ ವಿವಾದದಲ್ಲಿ ಕೃತಿಯ ನೀತಿಯನ್ನೇ ಸಾಕ್ಷಿಗೆ ನಿಲ್ಲಿಸುವ ರೂಢಿಯುಂಟು. ಅದು ಸಾಧುವಲ್ಲ. ಪ್ರಾಣಿಹಿತವೇ ಸತ್ಯವೆಂಬ ಉತ್ತರವನ್ನು ಕಂಡೊಡನೆ ಜೈನಕೃತಿಯೆಂದು ನಿರ್ಣಯಿಸುವವರು ಮಹಾಭಾರತದಲ್ಲಿಯೂ ಅದೇ ಭಾವವಿರುವುದನ್ನು ಮರೆಯುತ್ತಾರೆ. ಸಂಗತ್ಯಾಗವೇ ಸುಖವೆಂಬ ಉತ್ತರದಿಂದ ವೇದಾಂತಿಯನ್ನು ಊಹಿಸುವುದೂ ಅಷ್ಟೇ ದುರ್ಬಲ.

ಕುರುಡ, ಕಿವುಡ, ಮೂಕ ಯಾರೆಂಬ ಪ್ರಶ್ನೆಗಳನ್ನು ಪರಿಶೀಲಿಸಬಹುದು. ಅಕಾರ್ಯದಲ್ಲಿ ತೊಡಗಿದವನು, ಹಿತವನ್ನು ಕೇಳದವನು, ಸಮಯಕ್ಕೆ ಪ್ರಿಯವನ್ನು ನುಡಿಯಲರಿಯದವನು ಎಂಬ ಉತ್ತರಗಳು ದೇಹದ ಊನವನ್ನು ಶೀಲದ ಊನವಾಗಿ ತಿರುಗಿಸುತ್ತವೆ. ಮೂರನೆಯದೇ ಸೂಕ್ಷ್ಮವಾದುದು. ಅಲ್ಲಿ ದೂಷಿತನಾಗುವವನು ಸುಳ್ಳಾಡುವವನಲ್ಲ, ಕಟುವಾಗಿ ನುಡಿಯುವವನೂ ಅಲ್ಲ, ಆಡಬೇಕಾದಾಗ ಸುಮ್ಮನಿದ್ದವನು. ವಾಗ್ಗುಪ್ತಿಯನ್ನು ಕೊಂಡಾಡುವ ಸಂಪ್ರದಾಯದ ಓದುಗನು ಇಲ್ಲಿ ತುಸು ತಡೆದು ನಿಲ್ಲಬೇಕು. ಇದು ಗೃಹಸ್ಥನಿಗೆ, ಅದರಲ್ಲಿಯೂ ಸಭೆಯಲ್ಲಿ ಕುಳಿತವನಿಗೆ ಒಪ್ಪುವ ನೀತಿ. ಅರಸನೊಬ್ಬನ ಅನುಭವವು ಇದರಲ್ಲಿ ಕೇಳಿಬರುವಂತಿದೆಯಾದರೂ ಆ ಅನಿಸಿಕೆ ಪ್ರಮಾಣವಾಗಲಾರದು.

ಪ್ರಮಾಣವಿರುವುದು ಕೃತಿಯ ಆದ್ಯಂತಗಳಲ್ಲಿ. ಜೈನಪಾಠದ ಮಂಗಳಪದ್ಯವು ವರ್ಧಮಾನನನ್ನು ವಂದಿಸುತ್ತದೆ. ವಿವೇಕದಿಂದ ರಾಜ್ಯವನ್ನು ತೊರೆದ ಅಮೋಘವರ್ಷನನ್ನು ಹೆಸರಿಸುವ ಅಂತ್ಯಪದ್ಯವು ಅನುಷ್ಟುಪ್ಪಿನಲ್ಲಿದೆ; ಕೃತಿಯ ಒಡಲಾದರೋ ಆರ್ಯೆಯಲ್ಲಿದೆ. ವಿಮಲನನ್ನು ಹೆಸರಿಸುವ ಪದ್ಯವೂ ಆರ್ಯೆಯೇ. ಛಂದಸ್ಸೊಂದನ್ನೇ ನೆಚ್ಚಿದರೆ ವಿಮಲನ ಪಕ್ಷವೇ ಗೆಲ್ಲಬೇಕಾಗುತ್ತದೆ. ಆದರೆ ಅಂತ್ಯದಲ್ಲಿ ಛಂದಸ್ಸನ್ನು ಬದಲಿಸುವುದು ಸಂಸ್ಕೃತ ಕವಿಗಳ ವಾಡಿಕೆ. ಇದಕ್ಕಿಂತ ಭಾರವಾದುದು, 1858ರಲ್ಲಿ ಷೀಫ್ನರ್ ಪಂಡಿತನಿಂದ ಪ್ರಕಟಗೊಂಡ ಟಿಬೆಟ್ ಭಾಷಾಂತರದ ಸಾಕ್ಷ್ಯ. ಅದು ಅಮೋಘವರ್ಷನನ್ನೇ ಕರ್ತೃವೆನ್ನುತ್ತದೆ. ದಕ್ಷಿಣದ ಅರಸನ ಹೆಸರನ್ನು ಹೊಸದಾಗಿ ಸೇರಿಸುವುದರಿಂದ ಬೌದ್ಧ ಭಾಷಾಂತರಕಾರರಿಗೆ ಆಗುವ ಪ್ರಯೋಜನವೇನು? ಅದರ ಶೀರ್ಷಿಕೆಯಲ್ಲಿ ‘ವಿಮಲ’ ಎಂಬುದು ಮಾಲೆಯ ವಿಶೇಷಣವಾಗಿದೆ; ಮುಂದೆ ಅದೇ ಗುರುವಿನ ಹೆಸರಾಗಿ ಮಾರ್ಪಟ್ಟಿರಬಹುದಾದ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಶಂಕರರ ಹೆಸರಿನ ಪಾಠದಲ್ಲಿ ಶಂಭುವನ್ನು ಜಗದ್ಗುರುವೆನ್ನುವ ಉತ್ತರಗಳಿವೆ. ಉಳಿದ ನೀತಿ ಬಹುಮಟ್ಟಿಗೆ ಅದೇ. ಲಿಪಿಕಾರರು ನೀತಿಯನ್ನು ಹಾಗೆಯೇ ಉಳಿಸಿಕೊಂಡು ಅದಕ್ಕೆ ತಂತಮ್ಮ ಚೌಕಟ್ಟನ್ನು ತೊಡಿಸಿದರು. ಆದಕಾರಣ ಹಸ್ತಪ್ರತಿಸೂಚಿಗಳಲ್ಲಿ ಈ ಕೃತಿಯ ಮುಂದೆ ರೂಢಿಯ ಕರ್ತೃನಾಮವನ್ನಷ್ಟೇ ಬರೆದು ಬಿಡುವುದು ತರವಲ್ಲ. ಪ್ರತಿಯೊಂದು ಓಲೆಗರಿಯ ಕಟ್ಟಿನಿಂದಲೂ ಆದಿ ಮತ್ತು ಅಂತ್ಯ ಪದ್ಯಗಳನ್ನು ಯಥಾಪ್ರತಿ ಉದ್ಧರಿಸಬೇಕು.